ಡ್ರಿಲ್ ಎತ್ತುವ ಮೊದಲು ಗೋಡೆ ನೋಡಿ: ಶೆಲ್ಫ್ ಹಾಕುವವರಿಗೆ ಕೆಲವು ಮಾತು

"ಅಣ್ಣ, ಇಲ್ಲೊಂದು ಶೆಲ್ಫ್ ಹೊಡೆದುಬಿಡಿ, ಹತ್ತು ನಿಮಿಷದ ಕೆಲಸ" ಅಂತ ಮನೆಯವರು ಹೇಳುತ್ತಾರೆ. ನಾವೂ ಹೂಂ ಅಂದು ಡ್ರಿಲ್ ಎತ್ತಿಕೊಳ್ಳುತ್ತೇವೆ. ಈ ಕೆಲಸಕ್ಕೆ ಬಂದ ಹೊಸದರಲ್ಲಿ ನಾನು ಹಾಗೇ ಮಾಡಿದ್ದೆ. ಒಂದು ಅಡುಗೆಮನೆಯಲ್ಲಿ ನಾನು ಹಾಕಿದ ಶೆಲ್ಫ್ ಮೂರೇ ವಾರಕ್ಕೆ ಡಬ್ಬಗಳ ಸಮೇತ ಕೆಳಗೆ ಬಂತು. ಪುಣ್ಯಕ್ಕೆ ಆಗ ಅಲ್ಲಿ ಯಾರೂ ಇರಲಿಲ್ಲ. ಹೋಗಿ ನೋಡಿದರೆ ಸ್ಕ್ರೂ, ಅದನ್ನು ಹಿಡಿದುಕೊಳ್ಳಲು ತೂತಿಗೆ ತುರುಕುವ ಪ್ಲಗ್ ಎರಡೂ ಪ್ಲಾಸ್ಟರಿಂಗ್ ಚಕ್ಕೆ ಹಿಡಿದುಕೊಂಡೇ ಕಿತ್ತು ಬಂದಿದ್ದವು. ಒಳಗಿನ ಇಟ್ಟಿಗೆಗೆ ಸರಿಯಾಗಿ ತಾಗಿಯೇ ಇರಲಿಲ್ಲ. ಮನೆಯವರು ಜಾಸ್ತಿ ಭಾರ ಇಟ್ಟಿದ್ದರು, ನಿಜ. ಆದರೆ ಏನು ಇಡುತ್ತೀರಿ ಅಂತ ನಾನು ಕೇಳಿರಲಿಲ್ಲ. ಎಷ್ಟು ಇಡಬಹುದು ಅಂತ ಹೇಳಿರಲೂ ಇಲ್ಲ. ತಪ್ಪು ನನ್ನದೇ.

ಹಾಗಾಗಿ ಮೊದಲ ಕೆಲಸ ಕೇಳುವುದು. ಶೆಲ್ಫ್ ಮೇಲೆ ಏನು ಬರುತ್ತದೆ? "ಸುಮ್ನೆ ನಾಲ್ಕು ಪುಸ್ತಕ" ಎಂಬ ಉತ್ತರವನ್ನು ನಂಬಿ ಕೂರಬೇಡಿ. ಒತ್ತಾಗಿ ಜೋಡಿಸಿದ ಪುಸ್ತಕ ಒಂದು ಅಡಿ ಉದ್ದಕ್ಕೆ ಸುಮಾರು 8ರಿಂದ 10 ಕೆ.ಜಿ. ತೂಗುತ್ತದೆ. ಮೂರಡಿ ಶೆಲ್ಫ್ ತುಂಬಿದರೆ 24ರಿಂದ 30 ಕೆ.ಜಿ. ಆಯಿತು. ಅಡುಗೆಮನೆಯಲ್ಲಿ ಬೇಳೆ, ಬೆಲ್ಲ, ಎಣ್ಣೆ ಡಬ್ಬಗಳನ್ನು ಮನಸ್ಸಿನಲ್ಲೇ ಕೂಡಿಸಿ ನೋಡಿ. ಇವತ್ತು ಖಾಲಿ ಇರುವ ಶೆಲ್ಫ್ ಹಬ್ಬದ ಹೊತ್ತಿಗೆ ತುಂಬಿರುತ್ತದೆ.

<b>ಪುಡಿ ಹೇಳುವ ಗುಟ್ಟು</b>

ಹೊರಗಿನಿಂದ ಎಲ್ಲ ಗೋಡೆಯೂ ಒಂದೇ ಥರ ಕಾಣುತ್ತದೆ. ಮೊದಲು ಬೆರಳ ಗೆಣ್ಣಿನಿಂದ ತಟ್ಟಿ. ಡಬಡಬ ಅಂದರೆ ಒಳಗೆ ಟೊಳ್ಳು, ಇಲ್ಲವೇ ಪ್ಲಾಸ್ಟರಿಂಗ್ ಬಿಟ್ಟುಕೊಂಡಿದೆ. ಆಮೇಲೆ ಹಲಗೆ ಹೊರುವ ಬ್ರಾಕೆಟ್ ಮುಚ್ಚುವ ಜಾಗದಲ್ಲೇ ಸಣ್ಣ ಬಿಟ್‌ನಿಂದ ಒಂದು ತೂತು ಹಾಕಿ, ಉದುರುವ ಪುಡಿ ನೋಡಿ.

ಕೆಂಪು ಪುಡಿ ಬಂದರೆ ಸುಟ್ಟ ಇಟ್ಟಿಗೆ. ಒಳ್ಳೆಯ ಗೋಡೆ, ಸಾಮಾನ್ಯ ನೈಲಾನ್ ಪ್ಲಗ್ ಗಟ್ಟಿಯಾಗಿ ಕೂರುತ್ತದೆ. ಆದರೆ ಹಳೆಯ ಮನೆಗಳಲ್ಲಿ ಇಟ್ಟಿಗೆ ಚೆನ್ನಾಗಿದ್ದರೂ ನಡುವಿನ ಮಣ್ಣಿನ ಗಾರೆ ಉದುರಿ ಹೋಗುತ್ತದೆ. ತೂತು ಇಟ್ಟಿಗೆಯ ಮಧ್ಯಕ್ಕೆ ಬೀಳಬೇಕು, ಸಂದಿಗಲ್ಲ.

ಬೂದು ಬಣ್ಣದ ಒರಟು ಪುಡಿ ಬಂದರೆ ಸಿಮೆಂಟ್ ಬ್ಲಾಕ್. ಸಾಲಿಡ್ ಬ್ಲಾಕ್ ಆದರೆ ಚಿಂತೆಯಿಲ್ಲ. ಡ್ರಿಲ್ ಒಮ್ಮೆಲೇ ಒಳಕ್ಕೆ ಜಾರಿತು ಅಂದರೆ ಹಾಲೋ ಬ್ಲಾಕ್. ಖಾಲಿ ಜಾಗದಲ್ಲಿ ಪ್ಲಗ್ ಅರಳಿ ಏನು ಪ್ರಯೋಜನ? ತೂತನ್ನು ಗಟ್ಟಿ ಭಾಗಕ್ಕೆ ಸರಿಸಿ, ಇಲ್ಲವೇ ಟೊಳ್ಳು ಗೋಡೆಗೆಂದೇ ಬರುವ ಉದ್ದನೆಯ ಪ್ಲಗ್ ತನ್ನಿ.

ಹಿಟ್ಟಿನಂಥ ಬೆಳ್ಳನೆ ಪುಡಿ ಬಂದರೆ ಎಎಸಿ ಬ್ಲಾಕ್, ಅಂದರೆ ಹಗುರ ಕಾಂಕ್ರೀಟ್ ಬ್ಲಾಕ್. ಬೆಂಗಳೂರಿನ ಹೊಸ ಅಪಾರ್ಟ್‌ಮೆಂಟ್‌ಗಳಲ್ಲಿ ಇದು ತುಂಬ ಕಾಣಸಿಗುತ್ತದೆ. ಇದರೊಳಗೆ ಪೂರ್ತಿ ಸಣ್ಣ ಸಣ್ಣ ಗಾಳಿಗುಳ್ಳೆ. ಇಲ್ಲಿ ಡ್ರಿಲ್ ಕುಟ್ಟುತ್ತಾ ಕೊರೆಯುವ ಹ್ಯಾಮರ್ ಮೋಡ್ ಹಾಕಲೇಬೇಡಿ, ತೂತು ಹರಿದು ದೊಡ್ಡದಾಗುತ್ತದೆ. ಸುಮ್ಮನೆ ತಿರುಗಿಸಿ ಕೊರೆಯಿರಿ. ಪ್ಲಗ್ ಕೂಡ ಎಎಸಿಗೆಂದೇ ಮಾಡಿದ್ದು ಬೇಕು. ಭಾರ ಜಾಸ್ತಿ ಇದ್ದರೆ ಗೋಡೆಯ ಆಚೆ ಬದಿವರೆಗೂ ಬೋಲ್ಟ್ ಹಾಯಿಸಿ, ಅಗಲದ ವಾಷರ್ ಕೊಟ್ಟು ಬಿಗಿಯಿರಿ. ಆಚೆ ಬದಿ ಪಕ್ಕದ ಮನೆಯದ್ದಾದರೆ ಆ ದಾರಿ ಇಲ್ಲ, ತೂತಿಗೆ ಅಂಟು ತುಂಬಿ ಕೂರಿಸುವ ಕೆಮಿಕಲ್ ಆಂಕರ್ ನೋಡಬೇಕು.

ಬಿಳಿ ಪುಡಿ ಅರ್ಧ ಇಂಚಿಗೇ ಮುಗಿದು ಒಳಗೆ ಖಾಲಿ ಸಿಕ್ಕರೆ ಜಿಪ್ಸಂ ಬೋರ್ಡ್. ಅದರ ಹಿಂದಿನ ತಗಡಿನ ಫ್ರೇಮ್ ಹುಡುಕಿ ಅದಕ್ಕೇ ಸ್ಕ್ರೂ ಕೂರಿಸಬೇಕು. ಬರೀ ಬೋರ್ಡಿಗೆ ಪುಸ್ತಕದ ಶೆಲ್ಫ್ ಹಾಕಿಕೊಡಿ ಅಂದರೆ ನಾನು ಒಪ್ಪುವುದಿಲ್ಲ. "ನೆಲದ ಮೇಲೆ ನಿಲ್ಲುವ ರ್‍ಯಾಕ್ ತಗೊಳ್ಳಿ ಅಮ್ಮ" ಅಂತ ಹೇಳಿ ಬರುತ್ತೇನೆ. ಒಂದು ದಿನದ ಕೂಲಿ ಹೋದರೂ ಚಿಂತೆಯಿಲ್ಲ.

<b>ವೈರು, ಪೈಪು</b>

ಸ್ವಿಚ್‌ಬೋರ್ಡಿನ ನೇರ ಮೇಲೆ, ಕೆಳಗೆ, ಅಕ್ಕಪಕ್ಕದ ಗೆರೆಯಲ್ಲಿ ಕೊರೆಯಬೇಡಿ. ಸಾಮಾನ್ಯವಾಗಿ ವೈರು ಅದೇ ಗೆರೆಯಲ್ಲಿ ಬಂದಿರುತ್ತದೆ. ಗೀಸರ್, ನಲ್ಲಿ ಇರುವ ಬಚ್ಚಲಿನ ಗೋಡೆಯ ಹಿಂಬದಿಗೂ ಇದೇ ಎಚ್ಚರ ಬೇಕು. ಅನುಮಾನ ಬಂದರೆ ಆ ಭಾಗದ ಕರೆಂಟ್ ನಿಲ್ಲಿಸುವ ಎಂಸಿಬಿ ಸ್ವಿಚ್ ಇಳಿಸಿ, ಡ್ರಿಲ್‌ಗೆ ಬೇರೆ ಕಡೆಯಿಂದ ಕರೆಂಟ್ ತಗೊಳ್ಳಿ. ಕಣ್ಣಿಗೆ ಕನ್ನಡಕ, ಮೂಗಿಗೆ ಮಾಸ್ಕ್ ಇರಲಿ. ಬಾಡಿಗೆ ಮನೆಯಾದರೆ ಮಾಲೀಕರನ್ನು ಕೇಳಿದ್ದೀರಾ ಅಂತಲೂ ವಿಚಾರಿಸಿ.

<b>ತೂತು ಮತ್ತು ಬ್ರಾಕೆಟ್</b>

ಒಳಗೋಡೆಯ ಪ್ಲಾಸ್ಟರಿಂಗ್ ಸಾಮಾನ್ಯವಾಗಿ 12 ಮಿ.ಮೀ. ಇರುತ್ತದೆ, ಕೆಲವು ಕಡೆ 20 ಆಗುವುದೂ ಉಂಟು. ಅದನ್ನು ಲೆಕ್ಕಕ್ಕೇ ಹಿಡಿಯಬೇಡಿ. ಪ್ಲಗ್ ಪೂರ್ತಿ ಇಟ್ಟಿಗೆಯೊಳಗೆ ಕೂರಬೇಕು. 50 ಮಿ.ಮೀ. ಪ್ಲಗ್ ಅಂದರೆ ತೂತು ಮೇಲ್ಮೈಯಿಂದ 70 ಮಿ.ಮೀ. ಆದರೂ ಬೇಕು, ಸ್ಕ್ರೂ ಉದ್ದವೂ ಅದಕ್ಕೆ ತಕ್ಕಂತೆ ಇರಬೇಕು. ಬಿಟ್‌ಗೆ ಅಷ್ಟು ಉದ್ದ ಅಳೆದು ಟೇಪ್ ಸುತ್ತಿಕೊಳ್ಳಿ. ತೂತಿನ ಪುಡಿ ಊದಿ ತೆಗೆಯಿರಿ, ಪುಡಿ ಉಳಿದರೆ ಪ್ಲಗ್ ಪೂರ್ತಿ ಒಳಗೆ ಹೋಗುವುದಿಲ್ಲ. ತೂತು ದೊಡ್ಡದಾಯಿತು ಅಂತ ಬೆಂಕಿಕಡ್ಡಿ ತುರುಕಿ ಸ್ಕ್ರೂ ಬಿಗಿಯುವುದನ್ನು ಎಷ್ಟೋ ಕಡೆ ನೋಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ. ಜಾಗ ಬದಲಿಸಿ, ಹಳೇ ತೂತನ್ನು ಮುಚ್ಚಿ.

ಬ್ರಾಕೆಟ್ ಆರಿಸುವಾಗ ಅದು ಗೋಡೆಗೆ ಎಷ್ಟು ಉದ್ದ ತಾಗುತ್ತದೆ ಅನ್ನುವುದು ಮುಖ್ಯ. 12 ಇಂಚು ಅಗಲದ ಹಲಗೆಯ ನಡುವೆ 20 ಕೆ.ಜಿ. ಇಟ್ಟಿದ್ದೀರಿ ಅಂದುಕೊಳ್ಳಿ. ಬ್ರಾಕೆಟ್‌ನ ಮೇಲಿನ ಸ್ಕ್ರೂಗೂ ಅದರ ಕೆಳತುದಿಗೂ 8 ಇಂಚು ಅಂತರ ಇದ್ದರೆ ಮೇಲಿನ ಸ್ಕ್ರೂಗಳನ್ನು ಗೋಡೆಯಿಂದ ಹೊರಗೆಳೆಯುವ ಬಲ ಒಟ್ಟು 15 ಕೆ.ಜಿ. ಅಷ್ಟು. ಅದೇ ಅಂತರ 3 ಇಂಚು ಆದರೆ 40 ಕೆ.ಜಿ.! ಅದೇ ಭಾರವನ್ನು ಹಲಗೆಯ ಮುಂತುದಿಗೆ ಸರಿಸಿದರೆ 80. ಭಾರ ಅದೇ, ಗೋಡೆಗೆ ಬೀಳುವ ಎಳೆತ ಬೇರೆ. ಪುಟ್ಟ ಚಂದದ ಬ್ರಾಕೆಟ್‌ಗಳು ಭಾರದ ಸಾಮಾನಿಗೆ ಯಾಕೆ ಆಗುವುದಿಲ್ಲ ಅಂತ ಈಗ ಗೊತ್ತಾಯಿತು ಅಲ್ವಾ?

18 ಮಿ.ಮೀ. ಪ್ಲೈವುಡ್‌ಗೆ ಎರಡಡಿಗೊಂದು ಬ್ರಾಕೆಟ್ ಕೊಡಿ. ಮರದ ಪುಡಿ ಒತ್ತಿ ಮಾಡಿದ ಪಾರ್ಟಿಕಲ್ ಬೋರ್ಡ್ ಆದರೆ ಇನ್ನೂ ಹತ್ತಿರ ಹತ್ತಿರ. ಮಲಗುವ ತಲೆದಿಂಬಿನ ಮೇಲೆ, ತೊಟ್ಟಿಲಿನ ಮೇಲೆ ಭಾರದ ಶೆಲ್ಫ್ ಬೇಡ. ಮನೆಯವರು ಒತ್ತಾಯ ಮಾಡಿದರೂ ಬೇಡ.

<b>ಹೊರಡುವ ಮೊದಲು</b>

ಭಾರ ಇಟ್ಟು ನೋಡದೆ ಕಾಸು ಕೇಳಬೇಡಿ. ಕುಡಿಯುವ ನೀರಿನ 20 ಲೀಟರ್ ಕ್ಯಾನ್ ಮನೆಯಲ್ಲೇ ಇರುತ್ತದೆ. ತುಂಬಿದ ಕ್ಯಾನ್ ಸುಮಾರು 20 ಕೆ.ಜಿ. ಅದನ್ನು ನಿಧಾನವಾಗಿ ಹಲಗೆಯ ಮೇಲಿಡಿ, ಕೆಳಗೆ ಯಾರೂ ನಿಲ್ಲದಂತೆ ನೋಡಿಕೊಳ್ಳಿ. ಅರ್ಧ ಗಂಟೆ ಬಿಟ್ಟು ಬ್ರಾಕೆಟ್‌ಗೂ ಗೋಡೆಗೂ ನಡುವೆ ಕಾಗದ ತೂರಿಸಿ ನೋಡಿ. ಮೊದಲು ತೂರದ ಕಾಗದ ಈಗ ತೂರಿದರೆ ಸ್ಕ್ರೂ ಜಗ್ಗಿದೆ. ಬಿಚ್ಚಿ ಮತ್ತೆ ಮಾಡಿ. ಹೀಗೆ 20 ಕೆ.ಜಿ. ತಡೆದ ಶೆಲ್ಫ್‌ಗೆ ನಾನು 12 ಕೆ.ಜಿ. ಮಾತ್ರ ಇಡಿ ಅಂತಲೇ ಹೇಳುವುದು.

ಇದರಲ್ಲಿ ಕಾನೂನಿನ ಮಾತೂ ಇದೆ. ಕಾಸು ಪಡೆದು ಮಾಡುವ ಕೆಲಸಕ್ಕೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಅನ್ವಯಿಸುತ್ತದೆ. ಅಜಾಗರೂಕತೆಯಿಂದ ನಷ್ಟವಾದರೆ ಅದು ಸೇವೆಯ ಕೊರತೆ. ತಿಳಿಸಬೇಕಾದ ಮಾಹಿತಿಯನ್ನು ಬೇಕಂತಲೇ ಮುಚ್ಚಿಟ್ಟರೆ ಅದೂ ಕೊರತೆಯೇ. ದೂರು ಕೊಡಲು ಗ್ರಾಹಕರಿಗೆ 2 ವರ್ಷ ಸಮಯವಿದೆ. ಆದರೆ ಕಾನೂನಿಗೆ ಹೆದರಿ ಮಾತ್ರ ಈ ಕೆಲಸ ಮಾಡಬೇಕಾಗಿಲ್ಲ. ಆ ಶೆಲ್ಫ್ ಕೆಳಗೆ ಮಕ್ಕಳು ಕೂತು ಓದುತ್ತವೆ.

ಅದಕ್ಕೇ ನನ್ನ ಚೀಲದಲ್ಲಿ ಒಂದು ಮಾರ್ಕರ್ ಪೆನ್ ಯಾವಾಗಲೂ ಇರುತ್ತದೆ. ಹಲಗೆಯ ಅಡಿಭಾಗದಲ್ಲಿ ತಾರೀಖು, ಗೋಡೆ ಯಾವುದು, ಎಷ್ಟು ಕೆ.ಜಿ. ಇಡಬಹುದು ಅಂತ ಬರೆಯುತ್ತೇನೆ. ಪಕ್ಕದಲ್ಲಿ ನನ್ನ ಫೋನ್ ನಂಬರ್. ಮನೆಯವರನ್ನು ಕರೆದು ತೋರಿಸಿ, ಅವರ ಬಾಯಿಂದಲೇ ಒಮ್ಮೆ ಓದಿಸಿ, ಆಮೇಲೆ ಸಾಮಾನು ಕಟ್ಟಿಕೊಳ್ಳುತ್ತೇನೆ.