ಮೊದಲು ಬೋರ್ಡ್, ಆಮೇಲೆ ರ‍್ಯಾಮ್

ಕಳೆದ ಬೇಸಿಗೆಯಲ್ಲಿ ಮುಳಬಾಗಿಲಿನಿಂದ ಅಕ್ಕನ ಮಗ ಫೋನ್ ಮಾಡಿದ. ಬಿಡಿಭಾಗ ತಂದು ತಾನೇ ಕಂಪ್ಯೂಟರ್ ಜೋಡಿಸುತ್ತಿದ್ದ. ‘ಮಾವ, ರ‍್ಯಾಮ್ ಸ್ಲಾಟ್‌ನಲ್ಲಿ ಕೂರುತ್ತಿಲ್ಲ. ಸ್ವಲ್ಪ ಜೋರಾಗಿ ಒತ್ತಲೇ?’ ಬೇಡ ಎಂದು ನಾನು ಕೂಗಿದ್ದಕ್ಕೆ ಪಕ್ಕದ ಮನೆಯವರೂ ಇಣುಕಿದರು. ಆನ್‌ಲೈನ್‌ನಲ್ಲಿ ರಿಯಾಯಿತಿ ಕಂಡದ್ದೇ ತಡ, ಅವನು ಡಿಡಿಆರ್5 ರ‍್ಯಾಮ್ ತರಿಸಿಕೊಂಡಿದ್ದ. ವಾರದ ಬಳಿಕ ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಹೊತ್ತು ತಂದ ಮದರ್‌ಬೋರ್ಡ್ ಅದಕ್ಕಿಂತ ಹಿಂದಿನ ತಲೆಮಾರಿನ ಡಿಡಿಆರ್4 ರ‍್ಯಾಮ್‌ನದ್ದು. ಎರಡು ಬಗೆಯ ರ‍್ಯಾಮ್‌ಗೂ 288 ಪಿನ್, ಉದ್ದವೂ ಒಂದೇ. ನಡುವಿನ ಕಚ್ಚು ಮಾತ್ರ ತುಸು ಆಚೀಚೆ. ಒತ್ತಿದ್ದರೆ ರ‍್ಯಾಮ್ ಮತ್ತು ಸ್ಲಾಟ್ ಎರಡೂ ಹೋಗುತ್ತಿದ್ದವು.

ಕೋಲಾರದ ಕಡೆಯವರಿಗೆ ಎಸ್.ಪಿ. ರಸ್ತೆಗೆ ಹೋಗಿಬರುವುದೆಂದರೆ ಒಂದು ದಿನದ ಕೆಲಸ. ಬಿಡಿಭಾಗ ಬದಲಿಸಲು ಎರಡನೇ ದಿನವನ್ನೂ ಕಳೆದವರನ್ನು ಸಾಕಷ್ಟು ನೋಡಿದ್ದೇನೆ. ಹಾಗಾಗಬಾರದು ಎಂದಿದ್ದರೆ ಈ ಕ್ರಮದಲ್ಲಿ ಹೋಗಿ.

ಹಂತ 1: ಪ್ರೊಸೆಸರ್ ಯಾವುದೆಂದು ಗೊತ್ತುಮಾಡಿಕೊಳ್ಳಿ

ಎಎಂಡಿ ಕಂಪನಿಯ ಎಎಂ4 ಸಾಕೆಟ್ (ಬೋರ್ಡ್‌ನಲ್ಲಿ ಪ್ರೊಸೆಸರ್ ಕೂರುವ ಜಾಗ) ಆದರೆ, ಅಂದರೆ ರೈಝನ್ 5 5600ಜಿಯಂಥದ್ದಾದರೆ, ಡಿಡಿಆರ್4 ಮಾತ್ರ. ಎಎಂ5 ಆದರೆ ಡಿಡಿಆರ್5 ಮಾತ್ರ. ಯೋಚಿಸುವುದಕ್ಕೇ ಏನೂ ಇಲ್ಲ.

ಇಂಟೆಲ್‌ನ 12, 13, 14ನೇ ತಲೆಮಾರಿನ ಪ್ರೊಸೆಸರ್‌ಗಳು ಎರಡಕ್ಕೂ ಒಪ್ಪುತ್ತವೆ. ಜನ ಎಡವುವುದು ಇಲ್ಲೇ. ಪ್ರೊಸೆಸರ್ ಎರಡಕ್ಕೂ ಒಪ್ಪಿದರೂ ಮದರ್‌ಬೋರ್ಡ್ ಸಾಮಾನ್ಯವಾಗಿ ಒಪ್ಪುವುದು ಒಂದಕ್ಕೆ ಮಾತ್ರ.

ಹಂತ 2: ಬೋರ್ಡ್‌ನ ಹೆಸರನ್ನು ಕೊನೆಯ ಅಕ್ಷರದವರೆಗೂ ಓದಿ

ಅಗ್ಗದ ಇಂಟೆಲ್ ಕಂಪ್ಯೂಟರ್ ಕಟ್ಟುವ ಹೆಚ್ಚಿನವರು ಕೊಳ್ಳುವುದು ಎಚ್610 ಬೋರ್ಡ್. ಅಂಗಡಿಯಲ್ಲಿ ‘ಎಚ್610 ಕೊಡಿ’ ಎಂದರೆ ಕೊಡುತ್ತಾರೆ. ಆದರೆ ಎಚ್610 ಎನ್ನುವುದು ಬೋರ್ಡ್‌ನ ಮೇಲಿನ ನಿಯಂತ್ರಕ ಚಿಪ್ ಆದ ಚಿಪ್‌ಸೆಟ್‌ನ ಹೆಸರು, ಬೋರ್ಡ್‌ನದಲ್ಲ. ಒಂದೇ ಕಂಪನಿ ಅದೇ ಚಿಪ್‌ಸೆಟ್‌ನಲ್ಲಿ ಡಿಡಿಆರ್4ಕ್ಕೊಂದು, ಡಿಡಿಆರ್5ಕ್ಕೊಂದು ಬೋರ್ಡ್ ಮಾಡುತ್ತದೆ. ವ್ಯತ್ಯಾಸ ಇರುವುದು ಹೆಸರಿನ ಬಾಲದಲ್ಲಿ. ಒಬ್ಬರು ಕೊನೆಗೆ ‘ಡಿ4’ ಎಂದು ಹಾಕುತ್ತಾರೆ, ಇನ್ನೊಬ್ಬರು ‘ಡಿಡಿಆರ್4’ ಎಂದು ಪೂರ್ತಿ ಬರೆಯುತ್ತಾರೆ. ಡಿಡಿಆರ್5 ಇದ್ದಾಗ ಮಾತ್ರ ‘ಡಿ5’ ಎಂದು ಸೇರಿಸಿ, ಡಿಡಿಆರ್4 ಬೋರ್ಡ್‌ಗೆ ಏನೂ ಬರೆಯದವರೂ ಇದ್ದಾರೆ. ಹಾಗಾಗಿ ಬಾಲ ಇಲ್ಲದ ಹೆಸರನ್ನು ಕಂಡು ಯಾವ ತೀರ್ಮಾನಕ್ಕೂ ಬರಬೇಡಿ.

ಡಬ್ಬದ ಬದಿಯ ಚೀಟಿಯಲ್ಲಿ ಪೂರ್ತಿ ಹೆಸರಿರುತ್ತದೆ. ಅದರ ಫೋಟೊ ತೆಗೆದುಕೊಳ್ಳಿ. ಬಿಲ್‌ನಲ್ಲಿ ಅಂಗಡಿಯವರು ಅರ್ಧ ಹೆಸರು ಬರೆಯುವುದುಂಟು, ಪೂರ್ತಿ ಬರೆಸಿಕೊಳ್ಳಿ. ಆವೃತ್ತಿಯ ಸಂಖ್ಯೆಯನ್ನು ಬೋರ್ಡ್‌ನ ಮೇಲೂ ಅಚ್ಚುಹಾಕಿರುತ್ತಾರೆ, ಅದೂ ಬೇಕು. ನಂತರ ಬೋರ್ಡ್ ಕಂಪನಿಯ ಜಾಲತಾಣದಲ್ಲಿ ಅದೇ ಹೆಸರಿನ, ಅದೇ ಆವೃತ್ತಿಯ ಪುಟ ತೆರೆಯಿರಿ. ಮಾರಾಟದ ಜಾಲತಾಣದ ಪುಟ ಬೇಡ. ಅಲ್ಲಿನ ವಿವರವನ್ನು ಯಾರು ಬೇಕಾದರೂ ತಪ್ಪಾಗಿ ತುಂಬಿರಬಹುದು.

ಆ ಪುಟದಲ್ಲಿ ಗುರುತು ಹಾಕಿಕೊಳ್ಳಬೇಕಾದದ್ದು ರ‍್ಯಾಮ್‌ನ ಬಗೆ, ಸ್ಲಾಟ್‌ಗಳ ಸಂಖ್ಯೆ, ಗರಿಷ್ಠ ಗಾತ್ರ ಮತ್ತು ಗರಿಷ್ಠ ವೇಗ. ಡಿಡಿಆರ್4ರ ಎಚ್610 ಬೋರ್ಡ್‌ನಲ್ಲಿ ಸಾಮಾನ್ಯವಾಗಿ ಎರಡೇ ಸ್ಲಾಟ್, ವೇಗ 3200 (ಸೆಕೆಂಡಿಗೆ ಇಷ್ಟು ದಶಲಕ್ಷ ಸಲ ದತ್ತಾಂಶ ಸಾಗಣೆ). ಅದಕ್ಕೆ 3600ರ ರ‍್ಯಾಮ್ ಹಾಕಿದರೂ ಓಡುವುದು 3200ಕ್ಕೇ. ಹೆಚ್ಚು ಕೊಟ್ಟ ಹಣ ನೀರಿನಲ್ಲಿ ಹೋಮ. ಕಂಪನಿ ತಾನೇ ಪರೀಕ್ಷಿಸಿದ ರ‍್ಯಾಮ್‌ಗಳ ಪಟ್ಟಿಯೂ ಅಲ್ಲೇ ಇರುತ್ತದೆ. ಪಟ್ಟಿಯಲ್ಲಿ ಇಲ್ಲದ್ದು ನಡೆಯುವುದಿಲ್ಲ ಎಂದಲ್ಲ. ಆದರೆ ಬೆಲೆ ಒಂದೇ ಇದ್ದರೆ ಪಟ್ಟಿಯಲ್ಲಿ ಇರುವುದನ್ನೇ ಕೊಳ್ಳುತ್ತೇನೆ.

ಹಂತ 3: ‘ಅಗ್ಗ’ವನ್ನು ದೂರವಿಡಿ

ಗಿಡ್ಡನೆಯ ಸ್ಟಿಕ್ (ರ‍್ಯಾಮ್‌ನ ಪಟ್ಟಿ) ಲ್ಯಾಪ್‌ಟಾಪ್‌ನದು, ಅದು ಬೇಡ. ಇದು ಕಣ್ಣಿಗೇ ಕಾಣುತ್ತದೆ. ಕಾಣದಿರುವುದು ಸರ್ವರ್‌ನಿಂದ ಕಿತ್ತ ಹಳೆಯ ರ‍್ಯಾಮ್. ಡಿಡಿಆರ್4ರಲ್ಲಿ ಉದ್ದವೂ ಕಚ್ಚೂ ಡೆಸ್ಕ್‌ಟಾಪ್‌ನದರಂತೆಯೇ ಇರುತ್ತವೆ, ಸ್ಲಾಟ್‌ನಲ್ಲಿ ಕೂರುತ್ತದೆ ಕೂಡ. ಕಂಪ್ಯೂಟರ್ ಮಾತ್ರ ಏಳುವುದಿಲ್ಲ. ವಿವರದಲ್ಲಿ ‘ರಿಜಿಸ್ಟರ್ಡ್’ ಅಥವಾ ‘ಆರ್‌ಡಿಮ್’ ಎಂದು ಕಂಡರೆ ಅದನ್ನು ಬಿಟ್ಟುಬಿಡಿ. ನಿಮಗೆ ಬೇಕಾದದ್ದು ಡೆಸ್ಕ್‌ಟಾಪ್‌ನ ‘ಯುಡಿಮ್’.

ಬಣ್ಣದ ದೀಪ ಮಿನುಗುವ ರ‍್ಯಾಮ್ ಬಗ್ಗೆ ನನ್ನ ಮಾತು ಒಂದೇ: ಆ ಹಣವನ್ನು ಒಳ್ಳೆಯ ಪವರ್ ಸಪ್ಲೈಗೆ ಹಾಕಿ. ಎತ್ತರದ ಕವಚ ಇದ್ದರೆ ಪ್ರೊಸೆಸರ್‌ನ ದೊಡ್ಡ ಕೂಲರ್‌ಗೆ ತಗಲುವ ತೊಂದರೆಯೂ ಉಂಟು.

ಹಂತ 4: ಎಷ್ಟು?

16 ಜಿಬಿ. ಅದೂ 8 ಜಿಬಿಯ ಎರಡು ಸ್ಟಿಕ್, ಒಂದೇ ಪೊಟ್ಟಣದ ಜೋಡಿ. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಕಂಪ್ಯೂಟರ್‌ನಲ್ಲಿ ಚಿತ್ರ ಮೂಡಿಸುವ ಕೆಲಸಕ್ಕೂ ಇದೇ ರ‍್ಯಾಮ್‌ನಿಂದಲೇ ಪಾಲು ಹೋಗುತ್ತದೆ. ಒಂದೇ ಸ್ಟಿಕ್ ಹಾಕಿದರೆ ದತ್ತಾಂಶ ಓಡಾಡುವ ದಾರಿ 64 ಬಿಟ್, ಎರಡು ಹಾಕಿದರೆ 128 ಬಿಟ್. 5600ಜಿಯಂಥ ಪ್ರೊಸೆಸರ್‌ನಲ್ಲಿ ಆಟ ಆಡುವವರಿಗೆ ಈ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ.

ಸಿಎಲ್ ಎಂಬ ಇನ್ನೊಂದು ಅಂಕಿ ಇದೆ, ಕೇಳಿದ ದತ್ತಾಂಶ ಬರಲು ಎಷ್ಟು ಬಡಿತ ಕಾಯಬೇಕು ಎಂಬುದು. ಅದನ್ನು 2000ದಿಂದ ಗುಣಿಸಿ, ವೇಗದಿಂದ ಭಾಗಿಸಿದರೆ ಕಾಯುವ ಸಮಯ ನ್ಯಾನೊಸೆಕೆಂಡ್‌ಗಳಲ್ಲಿ ಸಿಗುತ್ತದೆ. 3200ರ ಸಿಎಲ್16ಕ್ಕೆ 10, ಸಿಎಲ್22ಕ್ಕೆ 13.75. ಬೆಲೆಯ ಅಂತರ ಸಣ್ಣದಿದ್ದರೆ ಸಿಎಲ್16. ದೊಡ್ಡದಿದ್ದರೆ ತಲೆ ಕೆಡಿಸಿಕೊಳ್ಳಬೇಡಿ.

ಬೆಲೆಯ ಮಾತು ಬಂತಲ್ಲ, ರ‍್ಯಾಮ್‌ನ ಬೆಲೆಯೂ ನಮ್ಮ ಎಪಿಎಂಸಿಯ ಟೊಮೆಟೊ ಇದ್ದಂತೆ. ಕೃತಕ ಬುದ್ಧಿಮತ್ತೆಯ ಡೇಟಾ ಸೆಂಟರ್‌ಗಳು ಚಿಪ್‌ಗಳನ್ನು ಬಾಚಿಕೊಳ್ಳತೊಡಗಿದ್ದರಿಂದ 2025ರ ಕೊನೆಗೆ ಏಕಾಏಕಿ ಏರಿತು. ಇಂಥ ದಿನಗಳಲ್ಲಿ ಎರಡು ಸ್ಟಿಕ್‌ಗೆ ಹಣ ಸಾಲದಿದ್ದರೆ 8 ಜಿಬಿಯ ಒಂದನ್ನು ಕೊಂಡು, ಅದರ ಮೇಲಿನ ಪಾರ್ಟ್ ನಂಬರನ್ನು ಬರೆದಿಟ್ಟುಕೊಳ್ಳಿ. ಎರಡನೆಯದನ್ನು ತರುವಾಗ ಅದೇ ನಂಬರಿನದನ್ನೇ ಕೇಳಿ.

ಹಂತ 5: ಕೂರಿಸುವುದು

ವಿದ್ಯುತ್ ತಂತಿ ಕಳಚಿ, ಕ್ಯಾಬಿನೆಟ್‌ನ ಲೋಹವನ್ನು ಒಮ್ಮೆ ಮುಟ್ಟಿ, ಕಚ್ಚು ಹೊಂದಿಸಿ, ಎರಡು ತುದಿಗಳನ್ನೂ ಸಮವಾಗಿ ಒತ್ತಿ. ‘ಟಕ್’ ಎನ್ನಬೇಕು. ನಾಲ್ಕು ಸ್ಲಾಟ್ ಇದ್ದರೆ ಸಾಮಾನ್ಯವಾಗಿ ಪ್ರೊಸೆಸರ್‌ನಿಂದ ಎಣಿಸಿ ಎರಡನೆಯದು ಮತ್ತು ನಾಲ್ಕನೆಯದು. ಹೊಳೆಯುವ ಪಿನ್‌ಗಳಿಗೆ ಬೆರಳು ತಾಗಿಸಬೇಡಿ. ಅದು ಚಿನ್ನದ ಲೇಪ. ಕೆಜಿಎಫ್ ಗಣಿ 2001ರಲ್ಲೇ ಮುಚ್ಚಿತು, ಈಗ ನಮ್ಮ ಕೈಗೆ ಸಿಗುವುದು ಇಷ್ಟೇ.

ಹಂತ 6: ಬಯೋಸ್ ತೆರೆಯದೆ ಏಳಬೇಡಿ

3200 ಎಂದು ಬರೆದ ಅನೇಕ ರ‍್ಯಾಮ್‌ಗಳು ಹಾಕಿದ ಕೂಡಲೇ 2133ಕ್ಕೋ 2666ಕ್ಕೋ ಓಡುತ್ತಿರುತ್ತವೆ. ಕಂಪ್ಯೂಟರ್ ಏಳುವಾಗ ತೆರೆಯಬಹುದಾದ ಬೋರ್ಡ್‌ನ ಸೆಟ್ಟಿಂಗ್ ಪರದೆಗೆ, ಅಂದರೆ ಬಯೋಸ್‌ಗೆ ಹೋಗಿ, ಬರೆದ ವೇಗಕ್ಕೇ ಓಡಿಸುವ ಎಕ್ಸ್‌ಎಂಪಿ ಎಂಬುದನ್ನು ಆನ್ ಮಾಡಬೇಕು. ಎಎಂಡಿ ಬೋರ್ಡ್‌ಗಳಲ್ಲಿ ಡಿಒಸಿಪಿ, ಎಕ್ಸ್‌ಪೊ ಎಂಬ ಹೆಸರುಗಳೂ ಇವೆ. ಇದನ್ನು ಮಾಡದೆ ವರ್ಷಗಟ್ಟಲೆ ಕಳೆದವರಿದ್ದಾರೆ. ವೇಗ ನೋಡಲು ಬಳಸುವ ಸಿಪಿಯು-ಝಡ್ ತಂತ್ರಾಂಶ 1600 ಎಂದು ತೋರಿಸಿದರೆ ಅಂಗಡಿಯವರ ಮೇಲೆ ರೇಗಬೇಡಿ. ಡಿಡಿಆರ್ ಒಂದು ಬಡಿತಕ್ಕೆ ಎರಡು ಸಲ ದತ್ತಾಂಶ ಸಾಗಿಸುತ್ತದೆ, 1600ರ ಎರಡರಷ್ಟೇ ನಿಮ್ಮ 3200.

ಡಿಡಿಆರ್5 ಹಾಕಿದವರಿಗೆ ಒಂದು ಎಚ್ಚರಿಕೆ. ಮೊದಲ ಸಲ ಆನ್ ಮಾಡಿದಾಗ ಪರದೆ ಕೆಲವು ನಿಮಿಷ ಕಪ್ಪಾಗಿಯೇ ಇರಬಹುದು. ಬೋರ್ಡ್ ಆಗ ರ‍್ಯಾಮ್‌ನೊಂದಿಗೆ ಹೊಂದಿಕೊಳ್ಳುತ್ತಿರುತ್ತದೆ. ಕೆಟ್ಟಿತೆಂದು ಸ್ವಿಚ್ ಆರಿಸಬೇಡಿ, ಚಹಾ ಕುಡಿದು ಬನ್ನಿ.

ಕೊನೆಗೆ ರ‍್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್86 ತಂತ್ರಾಂಶವನ್ನು ಪೆನ್‌ಡ್ರೈವ್‌ಗೆ ಹಾಕಿ, ಯುಪಿಎಸ್ ಇದ್ದರೆ ಅದರ ಮೇಲೆ, ರಾತ್ರಿಯೆಲ್ಲ ಓಡಲು ಬಿಡಿ. ವಾಪಸ್ ಕೊಡುವ ಅವಧಿ ಮುಗಿಯುವುದರೊಳಗೆ ಇದು ಆಗಬೇಕು. ಬೆಳಿಗ್ಗೆ ದೋಷ ತೋರಿಸುವ ಒಂದೇ ಒಂದು ಕೆಂಪು ಸಾಲು ಕಂಡರೂ ಎಕ್ಸ್‌ಎಂಪಿ ಆಫ್ ಮಾಡಿ ಮತ್ತೊಮ್ಮೆ ಓಡಿಸಿ. ಆಗಲೂ ಕಂಡರೆ ರ‍್ಯಾಮ್‌ನ ಮೇಲಿನ ಚೀಟಿ ಕೀಳದೆ, ಬಿಲ್ ಸಮೇತ ಅದೇ ದಿನ ಅಂಗಡಿಗೆ ಹಿಂತಿರುಗಿಸಿ.