ಟ್ರಕಿಯಾಸ್ಟಮಿ ಯಾವಾಗ: ನಾನು ನಿರ್ಧಾರಕ್ಕೆ ಬರುವ ಬಗೆ

ತಲೆಗೆ ತೀವ್ರ ಪೆಟ್ಟಾಗಿ ವೆಂಟಿಲೇಟರ್ ಮೇಲಿರುವ ರೋಗಿಗೆ ಎಷ್ಟನೆಯ ದಿನ ಟ್ರಕಿಯಾಸ್ಟಮಿ (ಕುತ್ತಿಗೆಯ ಮುಂಭಾಗದಲ್ಲಿ ಶ್ವಾಸನಾಳಕ್ಕೆ ರಂಧ್ರ ಮಾಡಿ ಉಸಿರಾಟದ ನಳಿಕೆ ಹಾಕುವುದು) ಮಾಡಬೇಕೆಂದು ಕಿರಿಯ ವೈದ್ಯರು ಆಗಾಗ ಕೇಳುತ್ತಾರೆ. ಬೆಂಗಳೂರಿನ ನ್ಯೂರೋ ಐಸಿಯುನಲ್ಲಿ ಕೆಲಸ ಮಾಡುತ್ತಾ ಬಂದಿರುವ ನಾನು ದಿನವನ್ನು ಎಣಿಸುವ ಮೊದಲು ಮಿದುಳಿನ ಒತ್ತಡವನ್ನೂ ರೋಗಿಯ ಕೆಮ್ಮನ್ನೂ ನೋಡುತ್ತೇನೆ.

ಒತ್ತಡವೇ ಮೊದಲು. ಟ್ರಕಿಯಾಸ್ಟಮಿ ಮಾಡಲು ಹಾಸಿಗೆಯ ತಲೆಭಾಗವನ್ನು ಇಳಿಸಿ ಕುತ್ತಿಗೆಯನ್ನು ಹಿಂದಕ್ಕೆ ಬಾಗಿಸಬೇಕಾಗುತ್ತದೆ. ಬಾಯಿಯ ಮೂಲಕ ಮೊದಲೇ ಹಾಕಿರುವ ಉಸಿರಾಟದ ನಳಿಕೆಯೊಳಗೆ ಬ್ರಾಂಕೋಸ್ಕೋಪ್ (ಶ್ವಾಸನಾಳದ ಒಳಗನ್ನು ನೋಡುವ ಕ್ಯಾಮೆರಾ ಕೊಳವೆ) ಇಳಿಸಿದಾಗ ಉಸಿರಿನ ದಾರಿ ಕಿರಿದಾಗಿ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರುತ್ತದೆ, ಅದರಿಂದ ಮಿದುಳಿನ ರಕ್ತನಾಳಗಳು ಹಿಗ್ಗಿ ತಲೆಬುರುಡೆಯೊಳಗಿನ ಒತ್ತಡವೂ ಏರುತ್ತದೆ. ಆ ಒತ್ತಡ 22 ಮಿಲಿಮೀಟರ್ ಪಾದರಸದ ಗಡಿಯನ್ನು ಪದೇ ಪದೇ ದಾಟುತ್ತಿರುವಾಗ ನಾನು ಕೈಹಾಕುವುದಿಲ್ಲ. ಕುತ್ತಿಗೆಯ ಮೂಳೆಗೆ ಪೆಟ್ಟಾಗಿಲ್ಲವೆಂದು ಸಿಟಿ ಸ್ಕ್ಯಾನ್‌ನಲ್ಲಿ ಖಚಿತವಾಗುವವರೆಗೂ ಕುತ್ತಿಗೆಯನ್ನು ಬಾಗಿಸುವುದಿಲ್ಲ.

ಬೇಗ ಮಾಡಿದರೆ ಜೀವ ಉಳಿಯುತ್ತದೆ ಎಂಬ ನಂಬಿಕೆಗೆ ಆಧಾರ ಸಿಕ್ಕಿಲ್ಲ. ಬ್ರಿಟನ್ನಿನ ಟ್ರ್ಯಾಕ್‌ಮ್ಯಾನ್ ಅಧ್ಯಯನ (2013) 4 ದಿನದೊಳಗೆ ಮಾಡುವುದನ್ನು 10 ದಿನ ಕಾಯುವುದರೊಂದಿಗೆ ಹೋಲಿಸಿದಾಗ ಸಾವಿನ ಪ್ರಮಾಣದಲ್ಲಿ ವ್ಯತ್ಯಾಸ ಕಾಣಲಿಲ್ಲ. ಕಾಯಬೇಕಿದ್ದ ಗುಂಪಿನ ಅರ್ಧಕ್ಕಿಂತ ಹೆಚ್ಚು ಮಂದಿಗೆ ಟ್ರಕಿಯಾಸ್ಟಮಿ ನಡೆಯಲೇ ಇಲ್ಲ. ಆ ಅಧ್ಯಯನದಲ್ಲಿದ್ದವರು ಸಾಮಾನ್ಯ ಐಸಿಯು ರೋಗಿಗಳು, ನಿಜ. ಆದರೆ ತೀವ್ರ ಪಾರ್ಶ್ವವಾಯು ರೋಗಿಗಳ ಮೇಲೆ ನಡೆದ ಸೆಟ್‌ಪಾಯಿಂಟ್-2 (2022) ಕೂಡ 6 ತಿಂಗಳ ಚೇತರಿಕೆಯಲ್ಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಬೇಗ ಮಾಡುವುದರಿಂದ ವೆಂಟಿಲೇಟರ್ ಮೇಲಿನ ದಿನಗಳು ಕಡಿಮೆಯಾಗಬಹುದು, ಅರಿವಳಿಕೆ ಔಷಧ ಕಡಿಮೆ ಸಾಕಾಗುತ್ತದೆ; ನನ್ನ ಮಟ್ಟಿಗೆ ಅದೂ ಸಣ್ಣ ಲಾಭವಲ್ಲ.

ಆದ್ದರಿಂದ ಒತ್ತಡ ಹತೋಟಿಗೆ ಬಂದ ಮೇಲೆ ಪ್ರತಿದಿನ ಬೆಳಿಗ್ಗೆ, ಸಕ್ಷನ್ ಮಾಡುವಾಗ (ನಳಿಕೆಯೊಳಗಿನ ಕಫವನ್ನು ಹೀರಿ ತೆಗೆಯುವಾಗ) ರೋಗಿ ಎಷ್ಟು ಬಲವಾಗಿ ಕೆಮ್ಮುತ್ತಾನೆ, ಕಫ ಎಷ್ಟಿದೆ, ಕಣ್ಣು ನಮ್ಮನ್ನು ಹಿಂಬಾಲಿಸುತ್ತದೆಯೇ ಎಂದು ನೋಡುತ್ತೇನೆ. ಕೆಮ್ಮು ಗಟ್ಟಿಯಾಗಿದ್ದು ಕಫ ಕಡಿಮೆಯಿದ್ದರೆ, ಹೇಳಿದ ಮಾತಿಗೆ ಸ್ಪಂದಿಸದಿದ್ದರೂ ಬಾಯಿಯ ನಳಿಕೆ ತೆಗೆದು ನೋಡುವ ಪರವಾಗಿ ನಾನಿರುತ್ತೇನೆ. ಮಿದುಳಿನ ಕಾಂಡಕ್ಕೆ ಪೆಟ್ಟಾಗಿ ಕೆಮ್ಮೇ ಬಾರದಿದ್ದರೆ ಮೊದಲ ವಾರ ಮುಗಿಯುವ ಹೊತ್ತಿಗೆ ಟ್ರಕಿಯಾಸ್ಟಮಿಯ ಮಾತೆತ್ತುತ್ತೇನೆ. ಎರಡನೆಯ ವಾರ ಪೂರ್ತಿ ಕಾಯುವುದರಿಂದ ಅಂಥವರಿಗೆ ಲಾಭವಿಲ್ಲ.

ಮನೆಯವರೊಂದಿಗೆ ಆಡುವ ಈ ಮಾತಿಗೆ ನಾನು ಹೆಚ್ಚು ಸಮಯ ಕೊಡುತ್ತೇನೆ. ಕೋಲಾರದಿಂದಲೋ ತುಮಕೂರಿನಿಂದಲೋ ಬಂದವರು “ಗಂಟಲು ಕುಯ್ದರೆ ಮಾತು ಹೋಗಿಬಿಡುತ್ತಾ, ಡಾಕ್ಟ್ರೇ?” ಎಂದು ಕೇಳುತ್ತಾರೆ. ಉಸಿರು ಧ್ವನಿಪೆಟ್ಟಿಗೆಯ ಕೆಳಗಿನಿಂದಲೇ ಹೊರಹೋಗುವುದರಿಂದ ಸದ್ಯಕ್ಕೆ ದನಿ ಬರುವುದಿಲ್ಲ, ನಳಿಕೆ ತೆಗೆದ ಮೇಲೆ ರಂಧ್ರ ಸಾಮಾನ್ಯವಾಗಿ ತಾನೇ ಮುಚ್ಚಿಕೊಳ್ಳುತ್ತದೆ ಎಂದು ವಿವರಿಸುತ್ತೇನೆ. ಇದರಿಂದ ಪ್ರಜ್ಞೆ ಮರಳುವುದಿಲ್ಲ ಎಂಬುದನ್ನೂ ಮುಚ್ಚಿಡುವುದಿಲ್ಲ. ಚೇತರಿಕೆಯ ಆಸೆ ತೀರಾ ಕ್ಷೀಣವಾಗಿದ್ದರೆ, ಮುಂದಿನ ಆರೈಕೆ ಹೇಗಿರಬೇಕೆಂಬ ಮಾತು ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮೊದಲೇ ನಡೆಯಬೇಕು.

ನಳಿಕೆಯೊಂದಿಗೆ ಮನೆಗೆ ಹೋಗುವವರಾದರೆ, ಅವರನ್ನು ನೋಡಿಕೊಳ್ಳುವ ಮನೆಯವರಲ್ಲಿ ಇಬ್ಬರು, ನರ್ಸ್ ಎದುರಿಗೆ ತಾವೇ ಸಕ್ಷನ್ ಮಾಡಿ ತೋರಿಸುವವರೆಗೆ ಡಿಸ್ಚಾರ್ಜ್ ಬರೆಯುವುದಿಲ್ಲ. ಕರೆಂಟ್ ಹೋದಾಗ ಬಳಸಲು ಕಾಲಿನಿಂದ ಒತ್ತುವ ಸಕ್ಷನ್ ಯಂತ್ರ, ಅದೇ ಅಳತೆಯ ಒಂದು ನಳಿಕೆ ಮತ್ತು ಒಂದು ಅಳತೆ ಚಿಕ್ಕದಾದ ಇನ್ನೊಂದು, ಇವಿಷ್ಟೂ ಅವರ ಕೈಸೇರಿರಬೇಕು.