9ನೇ ಅಧ್ಯಾಯದಲ್ಲಿ ನಿಂತುಹೋದ ಕಾದಂಬರಿ

ನಾನು ಬರೆಯುತ್ತಿರುವ ಕಾದಂಬರಿ ಕಲಬುರಗಿಯ ತೊಗರಿ ವ್ಯಾಪಾರಿಯ ಮನೆಯ ಕಥೆ. ಓದಿದ ನಾಲ್ವರೂ 9ನೇ ಅಧ್ಯಾಯದಲ್ಲೇ ಕೆಳಗಿಟ್ಟರು. ಬಹಮನಿ ಕೋಟೆಯ ವರ್ಣನೆ ಸೇರಿಸಿದೆ, ಹೊಸ ಪಾತ್ರವೊಂದನ್ನು ತಂದೆ, ನಿರೂಪಣೆಯನ್ನು ‘ನಾನು’ಗೆ ಬದಲಿಸಿದೆ, ಪುಟ ಹೆಚ್ಚಿತು, ಅಷ್ಟೇ.

ಬರವಣಿಗೆಯ ಮಾರ್ಗದರ್ಶಕರು ಹಸ್ತಪ್ರತಿಯನ್ನು ಪಕ್ಕಕ್ಕಿಡಿಸಿದರು. ಪ್ರತಿ ದೃಶ್ಯಕ್ಕೆ ಒಂದು ಚೀಟಿ: ಯಾರಿಗೆ ಏನು ಬೇಕು, ಯಾವುದು ಅಡ್ಡ, ಕೊನೆಗೆ ಏನು ಬದಲಾಯಿತು. ಚೀಟಿಗಳನ್ನು ನೆಲದ ಮೇಲೆ ಸಾಲಾಗಿಟ್ಟು, ನಡುವೆ ‘ಆದ್ದರಿಂದ’ ಅಥವಾ ‘ಆದರೆ’ ಸೇರಿಸಿ ಓದಬೇಕು. ‘ಆಮೇಲೆ’ ಮಾತ್ರ ಹೊಂದುವ ಕಡೆ ಕೆಂಪು ಗೆರೆ. ನನಗೆ 7 ಗೆರೆ ಬಿದ್ದವು, ಅದರಲ್ಲಿ 5 ಗೆರೆ ಜಾತ್ರೆಯ ಭಾಗದಲ್ಲೇ! ಶರಣಬಸವೇಶ್ವರರ ತೇರನ್ನು ಎರಡು ಪುಟ ಎಳೆದಿದ್ದೆ. ಅಲ್ಲಿ ಯಾರಿಗೂ ಏನೂ ಬೇಕಿರಲಿಲ್ಲ. ಈಗ ಆ ಗದ್ದಲದಲ್ಲೇ ಮಗನ ಕೈಗೆ ಅಪ್ಪನ ಸಾಲದ ಕಾಗದ ಸಿಗುತ್ತದೆ. ಮೂರು ದೃಶ್ಯ ಕಿತ್ತುಹಾಕಿದೆ.

ಮೊದಲು ಚೀಟಿ ತಿದ್ದಿ, ಗೆರೆಗಳೆಲ್ಲ ಹೋದ ಮೇಲೆಯೇ ಅಧ್ಯಾಯಕ್ಕೆ ಕೈಹಾಕಿ.